ಏಳನೇ ಹಾಡಿನ ತನಕ ಕಾಯ್ಬೇಡಿ

(ಹೆಂಗಸರು ಹಾಡೋ ಬ್ಯಾಂಡುಗಳಲ್ಲಿ ಕೆಚ್ಚಿರೋ ದನಿಗಳನ್ನ, ಹೊಸ ಮ್ಯೂಸಿಕ್ಕನ್ನ ಹುಡುಕೋದರ ಬಗ್ಗೆ ಕೇಳುಗರ ಕೂಟವೊಂದರಲ್ಲಿ ಮಾತಾಡಿದ್ದು. ಮಾತಾಡಿದ ಹಾಗೇ ಬರೆದಿದೀನಿ, ಹಾಡು ಹಾಕಿದ ಕಡೆ ಏನು ಹಾಕಿದ್ದು ಅಂತ ಸೇರಿಸಿದೀನಿ ಅಷ್ಟೆ.)

ಎಲ್ಲರಿಗೂ ನಮಸ್ಕಾರ. ಮಾತು ಆಮೇಲೆ, ಮೊದಲು ಒಂದು ಹಾಡು ಕೇಳೋಣ.

(ಇಂಗ್ಲೆಂಡಿನ ಗಾಯಕಿ ಪಿಜೆ ಹಾರ್ವಿಯ 'ರಿಡ್ ಆಫ್ ಮಿ' ಹಾಕಿದ್ವಿ. ಕೇಳಿಸ್ತಿಲ್ಲ ಅಂತ ಹಿಂದಿನ ಸಾಲಿನೋರು ಕೈ ಎತ್ತಿದ್ರು, ವಾಲ್ಯೂಮ್ ಜಾಸ್ತಿ ಮಾಡಿದ್ವಿ, ಇನ್ನೂ ಸಾಲದು ಅಂದ್ರು, ಇನ್ನೂ ಜಾಸ್ತಿ ಮಾಡಿದ್ವಿ. ಸುಮಾರು ಎರಡು ನಿಮಿಷಕ್ಕೆ ಇಡೀ ಹಾಲ್ ಬೆಚ್ಚಿಬಿತ್ತು.)

ಈಗ ನೀವು ಬೆಚ್ಚಿದ್ರಲ್ಲ, ನಾನು ಮೊದಲ ಸಲ ಕೇಳಿದಾಗ ಹೆಡ್‌ಫೋನ್ ಕಿತ್ತು ಬಿಸಾಕಿದ್ದೆ, ಆಮೇಲೆ ತಿರುಗಾ ಹಾಕ್ಕೊಂಡು ಅದೇ ಹಾಡನ್ನ ನಾಲ್ಕು ಸಲ ಕೇಳಿದೆ. 1993ರ ಹಾಡು ಇದು, ಆಗ ಹಾರ್ವಿಗೆ 23 ವರ್ಷ. ರೆಕಾರ್ಡ್ ಮಾಡಿದ್ದು ಸ್ಟೀವ್ ಆಲ್ಬಿನಿ, ಅಮೆರಿಕದ ಮಿನೆಸೋಟಾದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ. ಆಲ್ಬಿನಿ ಹೆಂಗೆ ಅಂದ್ರೆ ಬ್ಯಾಂಡು ರೂಮಲ್ಲಿ ಬಾರಿಸಿದ್ದು ಹೆಂಗಿದೆಯೋ ಹಂಗೇ ಟೇಪಿಗೆ ಇಳಿಬೇಕು ಅನ್ನೋ ಮನುಷ್ಯ, ಮೆಲ್ಲಗಿರೋದನ್ನ ಎತ್ತಿ ಜೋರು ಇರೋದನ್ನ ತುಳಿದು ಎಲ್ಲಾ ಒಂದೇ ಮಟ್ಟಕ್ಕೆ ತರೋ ಕೆಲಸ ಅವನಿಗೆ ಆಗ್ತಿರಲಿಲ್ಲ, ಅದಕ್ಕೇ ಇಲ್ಲಿ ಮೆಲ್ಲಗೆ ಅಂದ್ರೆ ನಿಜವಾಗ್ಲೂ ಮೆಲ್ಲಗೆ. ಗಿಟಾರ್ ತಂತಿನ ಅಂಗೈಯಲ್ಲಿ ಅದುಮಿಟ್ಟು ಟಕ್ ಟಕ್ ಅನ್ನಿಸ್ತಾ ಇರ್ತಾಳೆ, ದನಿ ಹಲ್ಲಿನ ಸಂದಿಯಿಂದ ಬರ್ತಿರುತ್ತೆ. ನೀವು ಏನ್ ಹೇಳ್ತಿದಾಳೆ ಅಂತ ಹತ್ತಿರ ಹೋಗ್ತೀರ, ನೀವೇ ನಿಮ್ಮ ಕೈಯಾರ ವಾಲ್ಯೂಮ್ ಏರಿಸ್ತೀರ, ಆಗ ಬಾಗಿಲು ಒದ್ದುಕೊಂಡು ಬರ್ತಾಳೆ.

ಇವತ್ತು ಕೆಚ್ಚಿರೋ ದನಿ ಅಂತ ನಾನು ಹೇಳೋದೆಲ್ಲಾ ಇದನ್ನ ಇಟ್ಕೊಂಡೇ. ಜೋರಾಗಿ ಹಾಡೋರು ಬೇಕಾದಷ್ಟು ಜನ ಇದಾರೆ. ಯಾವಾಗ ತಡೆಹಿಡೀಬೇಕು, ಯಾವಾಗ ಬಿಡಬೇಕು ಅನ್ನೋದು ಪೂರ್ತಿ ಹಾಡೋಳ ಕೈಯಲ್ಲಿ ಇರಬೇಕು, ಕೇಳೋರಿಗೆ ಹಿತವಾಗಿರಬೇಕು ಅಂತ ಆಕೆ ಒಂದು ಸ್ವರನೂ ಬದಲಾಯಿಸಬಾರದು, ನನಗೆ ಬೇಕಾಗಿರೋದು ಅದು.

ಒಂದು ಸಲ ನಾನು ಇಂಥದ್ದೇ ಒಂದು ಆಲ್ಬಮ್ ಕೇಳ್ತಾ ಇದ್ದಾಗ ಪಕ್ಕದಲ್ಲಿದ್ದ ಸ್ನೇಹಿತರೊಬ್ರು, ಮ್ಯೂಸಿಕ್ ಚೆನ್ನಾಗಿ ತಿಳಿದೋರೇ, ಒಂದು ಇಯರ್‌ಬಡ್ ಕೇಳಿ ಇಸ್ಕೊಂಡು ಹತ್ತು ಸೆಕೆಂಡ್ ಕೇಳಿ ವಾಪಸ್ ಕೊಟ್ಟು, ಇದೇನಪ್ಪ ಬರೀ ಕಿರುಚಾಟ ಅಂದ್ರು. ಅದೇ ವಾರ ಅವರೇ ನನಗೆ ಒಂದು ಬ್ಯಾಂಡ್ ಕಳಿಸಿದ್ರು, ಅದರಲ್ಲಿ ಹಾಡೋನು ಮೊದಲಿಂದ ಕೊನೇ ತನಕ ಗಂಟಲು ಹರಿಯೋ ಹಾಗೆ ಅರಚ್ತಾನೆ, ಅದಕ್ಕೆ ಅವರು ಬರೆದಿದ್ದು 'ಎನರ್ಜಿ ನೋಡು'. ಅವರ ಮೇಲೆ ಸಿಟ್ಟು ಮಾಡ್ಕೊಂಡು ಇದನ್ನ ಹೇಳ್ತಿಲ್ಲ. ನಮ್ಮ ಕಿವಿನೇ ಹಂಗೆ ಪಳಗಿಬಿಟ್ಟಿದೆ, ಗಂಡಸು ಕೂಗಿದ್ರೆ ಎನರ್ಜಿ, ಹೆಂಗಸು ಕೂಗಿದ್ರೆ ಕಿರುಚಾಟ. ಇದನ್ನ ತಿದ್ದಬೇಕು ಅಂದ್ರೆ ವಾದ ಮಾಡಿ ಪ್ರಯೋಜನ ಇಲ್ಲ, ಜಾಸ್ತಿ ಕೇಳಬೇಕು ಅಷ್ಟೆ, ಆದರೆ ಜಾಸ್ತಿ ಕೇಳೋಕೆ ಮೊದಲು ಸಿಗಬೇಕಲ್ಲ.

ಅಲ್ಲೇ ತೊಂದರೆ ಇರೋದು. 2021ರಲ್ಲಿ ಬಾರ್ಸಿಲೋನಾದ ಪಾಂಪೆವು ಫಾಬ್ರಾ ಮತ್ತು ನೆದರ್ಲೆಂಡ್ಸಿನ ಉಟ್ರೆಕ್ಟ್ ಯೂನಿವರ್ಸಿಟಿಗಳ ಸಂಶೋಧಕರು ಮ್ಯೂಸಿಕ್ ಶಿಫಾರಸು ಮಾಡೋ ಅಲ್ಗಾರಿದಮ್ ಒಂದನ್ನ ಜನ ನಿಜವಾಗಿ ಕೇಳಿದ ಹಾಡುಗಳ ಲೆಕ್ಕ ಇಟ್ಕೊಂಡು ಪರೀಕ್ಷೆ ಮಾಡಿದ್ರು. ಲಿಸ್ಟಲ್ಲಿ ಮೊದಲ ಆರು ಹಾಡು ಸರಾಸರಿ ಗಂಡಸರದ್ದೇ, ಹೆಣ್ಣು ದನಿ ಬರೋಹೊತ್ತಿಗೆ ಏಳೋ ಎಂಟೋ ಆಗಿರ್ತಿತ್ತು. ಈಗ ಯೋಚನೆ ಮಾಡಿ, ನಾವು ಎಷ್ಟು ಹಾಡು ಕೇಳ್ತೀವಿ ಒಂದು ಸಲ ಕೂತಾಗ? ನಾಲ್ಕು, ಐದು. ಆ ಐದನ್ನ ನಾವು ಕೇಳಿದ್ವಿ ಅಂತ ಅದು ಬರೆದಿಟ್ಕೊಳ್ಳುತ್ತೆ, ನಾಳೆ ಅಂಥದ್ದೇ ಐದು ತಂದು ಮುಂದಿಡುತ್ತೆ, ಹೀಗೇ ಸುತ್ತುತ್ತೆ. ಹುಡುಕೋ ಕೆಲಸನ ಅದರ ಕೈಗೆ ಪೂರ್ತಿ ಕೊಟ್ಟುಬಿಟ್ರೆ ಅದು ನಿಮ್ಮ ನಿನ್ನೆನೇ ನಿಮಗೆ ಮಾರುತ್ತೆ. ಅದಕ್ಕೇ ನಾನು ಹುಡುಕೋ ದಾರಿ ಹೇಳ್ತೀನಿ, ಗುಟ್ಟೇನಿಲ್ಲ ಇದರಲ್ಲಿ, ಆಲ್ಬಮ್ ಜೊತೆ ಬರೋ ಹೆಸರುಗಳ ಪಟ್ಟಿ ಓದೋದು. ಯಾರು ರೆಕಾರ್ಡ್ ಮಾಡಿದ್ರು, ಯಾರು ಪ್ರೊಡ್ಯೂಸ್ ಮಾಡಿದ್ರು, ಯಾವ ಲೇಬಲ್, ಯಾರ ಶೋಗೆ ಯಾರು ಓಪನಿಂಗ್ ಬಾರಿಸಿದ್ರು. ಡಿಸ್ಕಾಗ್ಸ್ ಅಂತ ಸೈಟ್ ಇದೆ, ಹೆಸರಿನ ಮೇಲೆ ಕ್ಲಿಕ್ ಮಾಡಿದ್ರೆ ಆ ಮನುಷ್ಯ ಕೈ ಹಾಕಿದ ಆಲ್ಬಮ್‌ಗಳೆಲ್ಲಾ ಬರುತ್ತೆ, ಅದರಲ್ಲಿ ಬಿದ್ರೆ ರಾತ್ರಿ ಕಳೆದಿದ್ದು ಗೊತ್ತಾಗಲ್ಲ.

ಈಗ ಹಾರ್ವಿಯಿಂದಲೇ ಹೊರಡೋಣ. ಆಕೆ 1988ರಲ್ಲಿ, 18ನೇ ವಯಸ್ಸಿಗೆ, ಆಟೊಮ್ಯಾಟಿಕ್ ಡ್ಲಾಮಿನಿ ಅನ್ನೋ ಬ್ಯಾಂಡ್ ಸೇರಿದ್ಳು. ಆ ಬ್ಯಾಂಡು ಜಾನ್ ಪ್ಯಾರಿಷ್ ಅನ್ನೋನದ್ದು. ಅಲ್ಲಿಂದಾಚೆ ಅವರಿಬ್ರದ್ದು ಮುಗಿಯದ ಜೊತೆ, 1995ರ 'ಟು ಬ್ರಿಂಗ್ ಯು ಮೈ ಲವ್' ಆಲ್ಬಮ್ಮಿಗೆ ಅವನೂ ಒಬ್ಬ ಪ್ರೊಡ್ಯೂಸರ್. ಸರಿ, ಪ್ಯಾರಿಷ್ ಹೆಸರು ಹಿಡ್ಕೊಂಡು ಮುಂದೆ ಹೋದ್ರೆ 2017ರಲ್ಲಿ ನ್ಯೂಜಿಲೆಂಡಿನ ಆಲ್ಡಸ್ ಹಾರ್ಡಿಂಗ್‌ಳ 'ಪಾರ್ಟಿ' ಸಿಗುತ್ತೆ, ಆಕೆ ಒಂದು ಹಾಡಲ್ಲಿ ಮಗು ಥರ, ಇನ್ನೊಂದರಲ್ಲಿ ಮುದುಕಿ ಥರ, ಒಂದೊಂದು ಸಲ ಒಂದೇ ಹಾಡಲ್ಲಿ ಎರಡೂ. ಇನ್ನೂ ಮುಂದೆ ಹೋದ್ರೆ 2021, ಲಂಡನ್ನಿನ ಡ್ರೈ ಕ್ಲೀನಿಂಗ್, 'ನ್ಯೂ ಲಾಂಗ್ ಲೆಗ್' ಆಲ್ಬಮ್, ಅಲ್ಲಿ ಫ್ಲಾರೆನ್ಸ್ ಶಾ ಹಾಡೋದೇ ಇಲ್ಲ ಅನ್ನಬಹುದು, ಮಾತಾಡ್ತಾಳೆ. ಗಿಟಾರ್ ಹಿಂದೆ ಕುದೀತಿರುತ್ತೆ, ಆಕೆ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತು ಫೋನಲ್ಲಿ ಮಾತಾಡೋ ಹಾಗೆ ಒಂದೇ ಸ್ವರದಲ್ಲಿ ಹೇಳ್ಕೊಂಡು ಹೋಗ್ತಾಳೆ, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ. ಇದರಲ್ಲೇನು ಕೆಚ್ಚು ಅಂತ ಕೇಳ್ತೀರ. ಹಿಂದೆ ಮೂರು ಜನ ಅಷ್ಟು ಜೋರಾಗಿ ಬಾರಿಸ್ತಿರೋವಾಗ ದನಿ ಏರಿಸದೇ ನಿಂತು ನೋಡಿ, ಗೊತ್ತಾಗುತ್ತೆ. ಒಬ್ಬ ಪ್ರೊಡ್ಯೂಸರ್ ಹೆಸರು ಹಿಡಿದು ಮೂರು ದೇಹ, ಮೂರು ಬೇರೆ ಬೇರೆ ಉಸಿರು ಸಿಕ್ತು ನನಗೆ. ಮೂರನ್ನೂ ಒಂದೇ ಸಾಲಲ್ಲಿ ಯಾವ ಅಲ್ಗಾರಿದಮ್ಮೂ ನನಗೆ ತಂದು ಕೊಟ್ಟಿರಲಿಲ್ಲ, ಕೇಳೋಕೆ ಒಂದಕ್ಕೊಂದು ಸಂಬಂಧನೇ ಇಲ್ಲದ ಹಾಗಿದಾವೆ.

ಆಲ್ಬಿನಿ ಹೆಸರು ಹಿಡಿದ್ರೂ ಅಷ್ಟೇ, ಪಿಕ್ಸೀಸ್ ಅನ್ನೋ ಬ್ಯಾಂಡಿನ 1988ರ ಆಲ್ಬಮ್, ಅಲ್ಲಿ ಬಾಸ್ ಬಾರಿಸ್ತಿದ್ದ ಕಿಮ್ ಡೀಲ್, ಆಮೇಲೆ ಆಕೆಯದ್ದೇ ಬ್ಯಾಂಡ್ ಬ್ರೀಡರ್ಸ್, 1990ರ 'ಪಾಡ್'. ಇದು ಬೇಗ ಹೇಳಿ ಮುಗಿಸ್ತೀನಿ, ಹುಡುಕ್ಕೊಳ್ಳಿ.

ಇನ್ನೊಂದು ದಾರಿ, ನನಗೆ ಇದು ಇನ್ನೂ ಇಷ್ಟ, ಓಪನಿಂಗ್ ಬ್ಯಾಂಡ್ ನೋಡೋದು. ದೊಡ್ಡ ಬ್ಯಾಂಡು ತನ್ನ ಶೋಗೆ ಮುಂಚೆ ಯಾರನ್ನ ಕರ್ಕೊಂಡು ಬಂದಿದೆ ಅಂತ ನೋಡಿದ್ರೆ ಅವರು ಮನೇಲಿ ಯಾರನ್ನ ಕೇಳ್ತಾರೆ ಅಂತ ಗೊತ್ತಾಗುತ್ತೆ. ಬಿಕಿನಿ ಕಿಲ್ ಗೊತ್ತಿರಬಹುದು ಕೆಲವರಿಗೆ, 1990ರಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಶುರುವಾಗಿದ್ದು, ಕ್ಯಾಥ್ಲೀನ್ ಹ್ಯಾನಾ ಹಾಡ್ತಿದ್ಳು, ಪಂಕ್ ಅನ್ನೋ ಒರಟು ರಾಕ್ ಸಂಗೀತದಲ್ಲಿ ಹುಡುಗೀರು ಕಟ್ಟಿದ ರಾಯಟ್ ಗರ್ಲ್ ಅನ್ನೋ ಚಳವಳಿಗೆ ಮುಂದಾಳು ಅಂತ ಎಲ್ಲರೂ ಹೇಳೋದು ಇವರನ್ನೇ. ಪಂಕ್ ಶೋಗಳಲ್ಲಿ ಸ್ಟೇಜ್ ಮುಂದೆ ಹುಡುಗರು ಒಬ್ರನ್ನೊಬ್ರು ತಳ್ಳಾಡ್ತಾ ಇರ್ತಿದ್ರು, ಹುಡುಗೀರು ಗೋಡೆಗೆ ಒರಗಿ ನಿಂತ್ಕೋಬೇಕಾಗ್ತಿತ್ತು, ಹ್ಯಾನಾ ಮೈಕಲ್ಲೇ ಹೇಳೋಳು, ಹುಡುಗೀರೆಲ್ಲಾ ಮುಂದೆ ಬನ್ನಿ, ಹುಡುಗರು ಹಿಂದೆ ಸರೀರಿ ಅಂತ. ಈ ಬ್ಯಾಂಡು 2019ರಲ್ಲಿ ಮತ್ತೆ ಒಟ್ಟಾದಾಗ ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಓಪನಿಂಗ್ ಬಾರಿಸಿದ್ದು ಲಿಂಡಾ ಲಿಂಡಾಸ್ ಅನ್ನೋ ನಾಲ್ಕು ಹುಡುಗೀರು, ಆಗ ಅವರನ್ನ ಯಾರೂ ಕೇಳಿರಲಿಲ್ಲ. ಎರಡು ವರ್ಷ ಆದ್ಮೇಲೆ, 2021ರ ಮೇ ತಿಂಗಳಲ್ಲಿ, ಅವರು ಲಾಸ್ ಏಂಜಲೀಸ್ ಪಬ್ಲಿಕ್ ಲೈಬ್ರರಿಯಲ್ಲಿ ಬಾರಿಸಿದ ವಿಡಿಯೋ ಇಡೀ ಪ್ರಪಂಚ ಸುತ್ತು ಹಾಕ್ತು.

(ಆ ವಿಡಿಯೋ ಹಾಕಿದ್ವಿ.)

ನೋಡಿ, ಹಿಂದೆ ಪುಸ್ತಕದ ಶೆಲ್ಫು ಕಾಣುತ್ತೆ. ಡ್ರಮ್ಸ್ ಹಿಂದಿರೋ ಹುಡುಗಿಗೆ ಹತ್ತು ವರ್ಷ. ಹಾಡಿಗೆ ಮುಂಚೆ ಮೈಕಲ್ಲಿ ಹೇಳ್ತಾಳೆ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ ಕ್ಲಾಸಿನ ಹುಡುಗನೊಬ್ಬ ಬಂದು ಚೀನಾದೋರಿಂದ ದೂರ ಇರು ಅಂತ ನಮ್ಮಪ್ಪ ಹೇಳಿದಾರೆ ಅಂದ, ನಾನು ಚೀನಾ ಮೂಲದೋಳು ಅಂತ ಹೇಳಿದ ಕೂಡ್ಲೇ ಹಿಂದೆ ಸರಿದ ಅಂತ. ಅಳಲ್ಲ, ದನಿ ನಡುಗಲ್ಲ, ನಡೆದಿದ್ದು ಹೇಳಿ ಮುಗಿಸಿ ಕೋಲು ಎತ್ಕೋತಾಳೆ. ಹಾಡು ಶುರುವಾದ ಮೇಲೆ ಬಾಸ್ ಬಾರಿಸೋ ಹುಡುಗಿ ಹೊಟ್ಟೆಯ ತಳದಿಂದ ಕೂಗ್ತಾಳಲ್ಲ, ಡ್ರಮ್ಸ್ ಹುಡುಗಿ ಅದಕ್ಕೆ ಎದುರು ಹಾಡ್ತಾಳಲ್ಲ, ಇದನ್ನ ಕಿರುಚಾಟ ಅಂತ ಯಾರಾದ್ರೂ ಅಂದ್ರೆ ನನಗೆ ಅವರ ಹತ್ರ ಮಾತಾಡೋಕೆ ಏನೂ ಉಳಿದಿಲ್ಲ. ನಾನು ಇದನ್ನ ನೋಡಿದಾಗೆಲ್ಲಾ ಕಣ್ಣು ತುಂಬುತ್ತೆ, ಈಗಲೂ ತುಂಬಿದೆ, ಒಂದು ನಿಮಿಷ ಇರಿ.

ಹಾಡಿಗೆ ಮುಂಚೆ ಮೆಲ್ಲಗೆ ಮಾತಾಡಿ ಆಮೇಲೆ ಸಿಡಿಯೋ ಈ ವರಸೆ ಹೊಸದಲ್ಲ. 1976ರ ಜುಲೈ 3, ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡಿನ ಶೋ ನೋಡೋಕೆ ಬಂದ ಒಂದು ಹುಡುಗಿಗೆ ಅವತ್ತು 19ನೇ ಹುಟ್ಟಿದಬ್ಬ. ವಾಪಸ್ ಹೋದೋಳೇ ಬ್ಯಾಂಡಿಗೆ ಜನ ಬೇಕು ಅಂತ ಮ್ಯೂಸಿಕ್ ಪೇಪರಲ್ಲಿ ಜಾಹೀರಾತು ಕೊಟ್ಳು, ತನಗೆ ಪಾಲಿ ಸ್ಟೈರೀನ್ ಅಂತ ಪ್ಲಾಸ್ಟಿಕ್ಕಿನ ಹೆಸರಿಟ್ಕೊಂಡ್ಳು, ಬ್ಯಾಂಡಿನ ಹೆಸರು ಎಕ್ಸ್-ರೇ ಸ್ಪೆಕ್ಸ್. ಅವರ 1977ರ ಮೊದಲ ಸಿಂಗಲ್ ಶುರುವಾಗೋದು ಹೆಂಗೆ ಅಂದ್ರೆ ಆಕೆ ಒಳ್ಳೆ ಹುಡುಗಿ ಪದ್ಯ ಒಪ್ಪಿಸೋ ಹಾಗೆ ನಯವಾಗಿ ಒಂದೆರಡು ಮಾತು ಹೇಳ್ತಾಳೆ, ಮರುಕ್ಷಣ ಅದೇ ಬಾಯಿಂದ ಬರೋ ಕೂಗಿಗೆ ಹಿಂದಿದ್ದ ಸ್ಯಾಕ್ಸೋಫೋನೂ ಓಡ್ಬೇಕಾಗುತ್ತೆ. ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡಿದ್ಳು, ಮುಚ್ಚಿಡೋಕೆ ಹೋಗ್ಲಿಲ್ಲ, ಸ್ಟೇಜ್ ಮೇಲೆ ಅದನ್ನೇ ತೋರಿಸಿ ನಕ್ಕಳು. ಅಪ್ಪ ಸೊಮಾಲಿಯಾ ಮೂಲದೋರು, ಅಮ್ಮ ಬಿಳಿಯರು, ಆ ಕಾಲದ ಇಂಗ್ಲೆಂಡಲ್ಲಿ ಆ ಮೈಬಣ್ಣಕ್ಕೆ ರಸ್ತೇಲಿ ಸಿಗ್ತಿದ್ದ ಮರ್ಯಾದೆ ಎಂಥದ್ದು ಅಂತ ನೀವೇ ಊಹಿಸಿ. ಇವಳಾದ ಮೇಲೆ 1999ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದ ಕೊನೇ ರಾತ್ರಿ ಸ್ಕಂಕ್ ಅನಾನ್ಸಿ ಬ್ಯಾಂಡಿನ ಸ್ಕಿನ್ ಅನ್ನೋ ಕಪ್ಪು ಗಾಯಕಿ ಹೆಡ್‌ಲೈನ್ ಮಾಡಿದ್ದು, ಅಂದ್ರೆ ಮುಖ್ಯ ಶೋ ಕೊಟ್ಟಿದ್ದು, ಈಗ ನೋವಾ ಟ್ವಿನ್ಸ್ ಇಬ್ರೇ ನಿಂತು ಬಾಸ್ ಗಿಟಾರಲ್ಲೇ ಭೂಕಂಪ ಮಾಡೋದು, ಇವೆಲ್ಲಾ ಒಂದೇ ಬಳ್ಳಿಯಲ್ಲಿ ಬಿಟ್ಟಿದ್ದು ಅಂತ ನನ್ನ ನಂಬಿಕೆ. ನೋವಾ ಟ್ವಿನ್ಸ್ ಇನ್ನೂ ಕೇಳಿಲ್ಲ ಅನ್ನೋರು 2022ರ 'ಸೂಪರ್‌ನೋವಾ'ದಿಂದ ಶುರು ಮಾಡಿ.

ದನಿ ಬಗ್ಗೆ ಸ್ವಲ್ಪ ಹತ್ತಿರದಿಂದ ನೋಡೋಣ, ಇದು ನನ್ನ ಮೆಚ್ಚಿನ ಜಾಗ.

ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ಬ್ಯಾಂಡಿನ 'ಝಾಂಬಿ' ನಿಮಗೆಲ್ಲಾ ಗೊತ್ತು, ಗೊತ್ತಿಲ್ದೆ ಇರೋರು ಯಾರಿದಾರೆ. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಐಆರ್‌ಎ ಅನ್ನೋ ಐರಿಷ್ ಸಶಸ್ತ್ರ ಗುಂಪಿನ ಬಾಂಬಿಗೆ ಎರಡು ಮಕ್ಕಳು ಸತ್ತವು, ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಹನ್ನೆರಡು. ಬ್ಯಾಂಡಿನ ಗಾಯಕಿ ಡೊಲೊರೆಸ್ ಓ'ರಿಯೊರ್ಡನ್ ಆ ಸಂಕಟಕ್ಕೇ ಬರೆದ ಹಾಡು ಅದು, 1994ರಲ್ಲಿ ಬಂತು. ಪಲ್ಲವಿಯಲ್ಲಿ 'ಝಾಂಬಿ' ಅನ್ನೋ ಪದದ ಕೊನೇಲಿ ದನಿ ಮುರಿಯುತ್ತಲ್ಲ, ಅದನ್ನ ಮಾತ್ರ ಕೇಳಿ. ಎದೆಯಿಂದ ಬರ್ತಿದ್ದ ದಪ್ಪ ಸ್ವರ ಪಟ್ ಅಂತ ತಲೆಯ ತೆಳು ಸ್ವರಕ್ಕೆ ಹಾರುತ್ತೆ, ಮತ್ತೆ ಕೆಳಗೆ ಬೀಳುತ್ತೆ. ಸಾಮಾನ್ಯವಾಗಿ ಹಾಡು ಕಲಿಸೋರು ಈ ಬಿರುಕನ್ನ ಮುಚ್ಚಬೇಕು, ಕಾಣದ ಹಾಗೆ ದಾಟಬೇಕು ಅಂತ ವರ್ಷಗಟ್ಟಲೆ ತಿದ್ದಿಸ್ತಾರೆ. ಆಕೆ ಬಿರುಕನ್ನೇ ಹಾಡಿದ್ಳು. ಸಾವಿನ ಮನೇಲಿ ಹೆಂಗಸರು ರಾಗವಾಗಿ ಅಳೋ ಪದ್ಧತಿ ಐರ್ಲೆಂಡಲ್ಲಿ ಹಿಂದಿನಿಂದ ಇತ್ತು, ನನಗಂತೂ ಆ ಮುರಿಯೋ ದನಿಯಲ್ಲಿ ಆ ಅಳುನೇ ಕೇಳಿಸೋದು.

ಅಮೆರಿಕದ ಸ್ಲೀಟರ್-ಕಿನ್ನಿ ಬ್ಯಾಂಡಿನ ಕೊರಿನ್ ಟಕರ್ ಇದಕ್ಕೆ ಉಲ್ಟಾ. 1997ರ 'ಡಿಗ್ ಮಿ ಔಟ್' ಹಾಕಿದ್ರೆ ಮೊದಲು ಗಿಟಾರು, ಆಮೇಲೆ ಆಕೆಯ ದನಿ, ಅದು ಮುರಿಯಲ್ಲ, ಕಂಪಿಸುತ್ತೆ, ಬಿಗಿದ ತಂತಿ ಮೀಟಿದ ಹಾಗೆ ಅಗಲವಾಗಿ. ಆ ಆಲ್ಬಮ್ಮಲ್ಲಿ ಬಾಸ್ ಗಿಟಾರೇ ಇಲ್ಲ, ಎರಡು ಗಿಟಾರು ಒಂದು ಡ್ರಮ್ಸು, ಕೆಳಗೆ ನೆಲ ಇಲ್ದೆ ಇರೋದ್ರಿಂದ ದನಿಗಳೇ ಭಾರ ಹೊರಬೇಕು, ಆಕೆ ಒಂದು ಸಾಲು ಹಾಡ್ತಿರುವಾಗಲೇ ಕ್ಯಾರಿ ಬ್ರೌನ್‌ಸ್ಟೀನ್ ಇನ್ನೊಂದು ಸಾಲು ಹಾಡ್ತಾ ಇರ್ತಾಳೆ, ಯಾರನ್ನ ಕೇಳಬೇಕು ಅಂತ ನಾವೇ ಆರಿಸ್ಕೋಬೇಕು.

ಇನ್ನು ಉಕ್ರೇನಿನ ಜಿಂಜರ್ ಬ್ಯಾಂಡಿನ ತಟಿಯಾನಾ ಶ್ಮೈಲ್ಯುಕ್. ಅವರ 'ಪೈಸೀಸ್' ಹಾಡಿನ ಸ್ಟುಡಿಯೋ ವಿಡಿಯೋ ನೋಡಿ, ಮೊದಲು ಎಷ್ಟು ತಿಳಿಯಾಗಿ ಹಾಡ್ತಾಳೆ, ಸರಿ, ಒಳ್ಳೆ ದನಿ ಅಂದ್ಕೊಳ್ಳೋಷ್ಟರಲ್ಲಿ ಅದೇ ಮುಖದಿಂದ ಹುಲಿ ಗುರುಗುಟ್ಟಿದ ಹಾಗೆ ಬರುತ್ತೆ. ಇದು ಸುಮ್ನೆ ಗಂಟಲು ಹರ್ಕೊಳ್ಳೋದಲ್ಲ. ನಮ್ಮ ಧ್ವನಿಪೆಟ್ಟಿಗೆಯಲ್ಲಿ ನಿಜವಾದ ಸ್ವರತಂತುಗಳಿಗೆ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ, ಮಾತಾಡುವಾಗ ಅದು ಸುಮ್ನಿರುತ್ತೆ. ಈ ಥರ ಹಾಡೋರಲ್ಲಿ ತುಂಬಾ ಜನ ಉಸಿರಿನ ಒತ್ತಡನ ಹಿಡಿತದಲ್ಲಿಟ್ಟು ಆ ಮೇಲಿನ ಮಡಿಕೇನ ಅದುರಿಸ್ತಾರೆ. ವರ್ಷಗಟ್ಟಲೆ ಸಾಧನೆ ಬೇಕು, ತಪ್ಪಾಗಿ ಮಾಡಿದ್ರೆ ಗಂಟಲು ಹಾಳು. ಇಲ್ಲಿರೋ ಯಾರಾದ್ರೂ ಮನೆಗೆ ಹೋಗಿ ಟ್ರೈ ಮಾಡೋ ಹಾಗಿದ್ರೆ ದಯವಿಟ್ಟು ಗೊತ್ತಿರೋರ ಹತ್ರ ಕಲೀರಿ.

ಇದನ್ನೆಲ್ಲಾ ಗಮನಿಸೋಕೆ ಲೈವ್ ಸೆಷನ್ ನೋಡೋದು ಒಳ್ಳೇದು. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋದೋರು ಯೂಟ್ಯೂಬಲ್ಲಿ ಸಾವಿರಾರು ಸೆಷನ್ ಹಾಕಿದಾರೆ, ಕ್ಯಾಮೆರಾ ಹತ್ತಿರ ಇರುತ್ತೆ, ಹಾಡೋಳು ಸಾಲಿನ ಮಧ್ಯೆ ಎಲ್ಲಿ ಉಸಿರು ತಗೊಂಡ್ಳು, ಕತ್ತಿನ ನರ ಯಾವಾಗ ಬಿಗೀತು, ಎಲ್ಲಾ ಕಾಣುತ್ತೆ. ಎನ್‌ಪಿಆರ್ ಅನ್ನೋ ಅಮೆರಿಕದ ರೇಡಿಯೋದೋರ ಟೈನಿ ಡೆಸ್ಕ್ ಲೈವ್ ಸರಣಿ ಇದೆಯಲ್ಲ, ಅದು 2008ರಲ್ಲಿ ಹುಟ್ಟಿದ್ದೇ ಒಂದು ಮೆಲ್ಲನೆಯ ಹೆಣ್ಣು ದನಿಯಿಂದ, ಲಾರಾ ಗಿಬ್ಸನ್ ಅನ್ನೋ ಗಾಯಕಿಯ ಶೋಗೆ ಅಲ್ಲಿನೋರು ಹೋದಾಗ ಜನರ ಗಲಾಟೇಲಿ ಆಕೆ ಹಾಡಿದ್ದು ಕೇಳಿಸ್ಲೇ ಇಲ್ಲ, ಹಾಗಾದ್ರೆ ನಮ್ಮ ಆಫೀಸಿಗೆ ಬಂದು ಮೇಜಿನ ಪಕ್ಕ ಹಾಡಿ ಅಂತ ಕರೆದ್ರು.

ಆಮೇಲೆ ಬ್ಯಾಂಡ್‌ಕ್ಯಾಂಪ್, ಬ್ಯಾಂಡುಗಳು ತಮ್ಮ ಆಲ್ಬಮ್ ಮಾರೋ ಸೈಟ್. ಅಲ್ಲಿ ಪ್ರತಿ ಆಲ್ಬಮ್ ಪೇಜಲ್ಲೂ ಅದನ್ನ ಕೊಂಡೋರ ಪುಟ್ಟ ಪುಟ್ಟ ಫೋಟೋ ಸಾಲಾಗಿ ಇರುತ್ತೆ, ಒಂದನ್ನ ಒತ್ತಿದ್ರೆ ಆ ವ್ಯಕ್ತಿ ಕೊಂಡಿರೋ ಪೂರ್ತಿ ಸಂಗ್ರಹ ತೆರೆಯುತ್ತೆ. ನನಗೆ ಇಷ್ಟವಾದ ಎರಡು ಆಲ್ಬಮ್ ಯಾರ ಹತ್ರ ಇದೆಯೋ ಅವರ ಮೂರನೇದು ನನಗೆ ಹೊಸದು ಆಗಿರುತ್ತೆ. ಕಾಸು ಕೊಟ್ಟು ಕೊಂಡಿರೋದು, ಸುಮ್ನೆ ಹಿನ್ನೆಲೆಯಲ್ಲಿ ಓಡಿದ್ದಲ್ಲ, ಆ ವ್ಯತ್ಯಾಸ ದೊಡ್ಡದು.

ತೀರಾ ಹೊಸದು ಹೇಳಿ ಅಂತ ಮುಂಚೆನೇ ಮೆಸೇಜ್ ಬಂದಿತ್ತು. ಮೆಲ್ಬೋರ್ನಿನ ಆಮಿಲ್ ಆ್ಯಂಡ್ ದ ಸ್ನಿಫರ್ಸ್, ಆಮಿ ಟೇಲರ್ ಹಾಡೋದು ಬೀದೀಲಿ ಯಾರನ್ನೋ ಅಡ್ಡ ಹಾಕಿ ಕೇಳೋ ಹಾಗೆ, 2021ರ 'ಕಂಫರ್ಟ್ ಟು ಮಿ' ಮೊದಲು, ಆಮೇಲೆ 2024ರ 'ಕಾರ್ಟೂನ್ ಡಾರ್ಕ್‌ನೆಸ್'. ಫಿಲಡೆಲ್ಫಿಯಾದ ಮ್ಯಾನೆಕಿನ್ ಪುಸಿ, 2024ರ 'ಐ ಗಾಟ್ ಹೆವೆನ್', ಮರಿಸಾ ಡಬೀಸ್ ಒಂದು ಸಾಲು ಜೋಗುಳ ಮುಂದಿನ ಸಾಲು ಶಾಪ. ಡಬ್ಲಿನ್‌ನ ಸ್ಪ್ರಿಂಟ್ಸ್, ಕಾರ್ಲಾ ಚಬ್, 'ಲೆಟರ್ ಟು ಸೆಲ್ಫ್', 2024ರ ಜನವರಿ. ಇದರ ಪ್ರೊಡ್ಯೂಸರ್ ಡೇನಿಯಲ್ ಫಾಕ್ಸ್, ಗಿಲ್ಲಾ ಬ್ಯಾಂಡ್‌ನೋನು. ಅವನ ಹೆಸರು ಹಿಡ್ಕೊಂಡು ಹೋದ್ರೆ 2025ರ ಜನವರಿಯಲ್ಲಿ ಬಂದ ಲ್ಯಾಂಬ್ರಿನಿ ಗರ್ಲ್ಸ್ ಆಲ್ಬಮ್ ಸಿಗುತ್ತೆ, ಬ್ರೈಟನ್‌ನೋರು, ಫೀಬಿ ಲುನ್ನಿ ಹಾಡೋದು. ನೋಡಿದ್ರಾ, ಮತ್ತೆ ಅದೇ ದಾರಿ.

ಪ್ರಶ್ನೆ ಹೊತ್ತಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಹೆಂಗಸರು ಹಾಡೋ ಬ್ಯಾಂಡು ಅಂತ ಬೇರೆ ಡಬ್ಬಿ ಯಾಕೆ ಮಾಡ್ತೀರಿ, ಗಂಡಸರು ಹಾಡಿದ್ರೆ ಅದಕ್ಕೆ ಬರೀ ಬ್ಯಾಂಡ್ ಅಂತೀರಲ್ಲ ಅಂದ್ಳು. ಸರಿಯಾದ ಮಾತು. ಡ್ರೈ ಕ್ಲೀನಿಂಗಿಗೂ ಜಿಂಜರ್‌ಗೂ ಸಂಗೀತದಲ್ಲಿ ಒಂದು ಎಳೆಯಷ್ಟೂ ಸಂಬಂಧ ಇಲ್ಲ, ಒಂದೇ ಶೈಲಿ ಅಂತ ಸೇರಿಸಿದ್ರೆ ಇಬ್ರಿಗೂ ಅವಮಾನ. ನಾನು ಇದನ್ನ ಶೈಲಿಯ ಹೆಸರಾಗಿ ಬಳಸ್ತಿಲ್ಲ, ಹುಡುಕೋವಾಗ ನನ್ನ ಕಣ್ಣಿಗೆ ಬೀಳದೆ ಹೋಗೋದು ಯಾವುದು ಅಂತ ನೆನಪಿಟ್ಕೊಳ್ಳೋಕೆ ಬಳಸ್ತೀನಿ, ಮೊದಲ ಆರರಲ್ಲಿ ಈ ದನಿಗಳು ತಾನಾಗೇ ಬರೋ ದಿನ ಈ ಪದ ನಾನೇ ಬಿಟ್ಬಿಡ್ತೀನಿ ಅಂದೆ. ಆಕೆಗೆ ಪೂರ್ತಿ ಒಪ್ಪಿಗೆ ಆಗ್ಲಿಲ್ಲ ಅನ್ನಿಸ್ತು, ಆಗಬೇಕು ಅಂತನೂ ಇಲ್ಲ.

ಹಿಂದಿನಿಂದ ಒಬ್ರು ಹಿರಿಯರು, ಇಷ್ಟು ಬೇಗ ಬೇಗ ಹಾಡಿದ್ರೆ ಮಾತೇ ಅರ್ಥ ಆಗಲ್ಲ, ಹೆಂಗೆ ಕೇಳೋದು ಅಂದ್ರು. ಅದಕ್ಕೆ ನಾನು ಎರಡು ಬ್ಯಾಂಡ್ ಹೇಳಿದೆ. ಒಂದು ಇಂಡೋನೇಷ್ಯಾದ ಗರುಟ್‌ನ ವಾಯ್ಸ್ ಆಫ್ ಬಾಚೆಪ್ರೊಟ್, ಹಿಜಾಬ್ ಹಾಕ್ಕೊಂಡು ಮೆಟಲ್ ಅನ್ನೋ ಭಾರೀ ಜೋರಿನ ರಾಕ್ ಬಾರಿಸೋ ಮೂರು ಹುಡುಗೀರು, ಸ್ಕೂಲಲ್ಲಿದ್ದಾಗಲೇ 2014ರಲ್ಲಿ ಶುರು ಮಾಡಿದ್ದು, ಬಾಚೆಪ್ರೊಟ್ ಅಂದ್ರೆ ಸುಂಡಾನೀಸ್ ಭಾಷೇಲಿ ಗಲಾಟೆ, ವಟವಟ ಅಂತ. 2024ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಬಾರಿಸಿದ ಮೊದಲ ಇಂಡೋನೇಷ್ಯಾ ಬ್ಯಾಂಡು. ಇನ್ನೊಂದು ಜಪಾನಿನ ಕ್ಯೋಟೋದ ಒಟೊಬೊಕೆ ಬೀವರ್, ಅಕ್ಕೊರಿನ್‌ರಿನ್ ಹಾಡೋದು, ನಾಲ್ಕೂ ಜನ ಒಟ್ಟಿಗೆ ಕೂಗೋದು, ಸಡನ್ನಾಗಿ ನಾಲ್ಕೂ ಜನ ಒಟ್ಟಿಗೆ ನಿಲ್ಲೋದು. 2022ರ 'ಸೂಪರ್ ಚಂಪೊನ್' ಆಲ್ಬಮ್ಮಲ್ಲಿ 18 ಹಾಡು, ಪೂರ್ತಿ ಸೇರಿ ಸುಮಾರು 21 ನಿಮಿಷ. ನನಗೆ ಜಪಾನೀಸ್ ಒಂದಕ್ಷರ ಬರಲ್ಲ, ಆದ್ರೂ ಯಾವ ಸಾಲಲ್ಲಿ ಸಿಟ್ಟು ಯಾವ ಸಾಲಲ್ಲಿ ಅಣಕ ಅಂತ ಕೇಳಿದ ಕೂಡ್ಲೇ ಗೊತ್ತಾಗುತ್ತೆ.

ಅಷ್ಟರಲ್ಲಿ ಹಾಲ್ ನೋಡ್ಕೊಳ್ಳೋರು ಬಂದು ಟೈಮ್ ಆಯ್ತು, ಇನ್ನೊಂದು ನಿಮಿಷ ಅಷ್ಟೇ ಅಂದ್ರು. ಒಟೊಬೊಕೆ ಬೀವರ್‌ಗೆ ಒಂದು ನಿಮಿಷ ಧಾರಾಳ ಆಯ್ತು ಅಂತ ಆ ಆಲ್ಬಮ್ಮಿನ ಕೊನೇ ಕಡೆಯ ತುಣುಕು ಹಾಡುಗಳಲ್ಲಿ ಎರಡು ಹಾಕಿದೆ, ಎರಡೂ ಪೂರ್ತಿ ಮುಗಿದವು, ಆ ಹಿರಿಯರು ಇನ್ನೊಂದು ಹಾಕಿ ಅಂದ್ರು.